ಸೂಜಿ ಅವಳಿಗೆ, ಮುಜುಗರ ಇವನಿಗೆ

ಮದುವೆಯಾಗಿ ಎರಡು ವರ್ಷ ಕಳೆದರೂ ತೊಟ್ಟಿಲು ಕಟ್ಟದ ಮನೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ತಜ್ಞರ ಬರ ಎಂದೂ ಬಿದ್ದಿಲ್ಲ. ಮಳೆ ಕೈಕೊಟ್ಟು ಮೆಕ್ಕೆಜೋಳ ಒಣಗಿದ ವರ್ಷಗಳಲ್ಲೂ ಸಲಹೆಯ ಬೆಳೆ ಹುಲುಸಾಗಿಯೇ ಬಂದಿದೆ. "ಏನವ್ವಾ, ಇನ್ನೂ ಏನೂ ವಿಶೇಷ ಇಲ್ಲೇನು?" ಎಂದು ಕಟ್ಟೆ ಮೇಲಿನ ಹಿರಿಯಳು ಕೇಳಿದಳೆಂದರೆ ಒಪಿಡಿ ಚೀಟಿ ಹರಿದ ಹಾಗೆಯೇ. ಒಬ್ಬರು ಉಚ್ಚಂಗೆಮ್ಮನಿಗೆ ಹರಕೆ ಕಟ್ಟಿಸುತ್ತಾರೆ. ಇನ್ನೊಬ್ಬರು ಕೊಟ್ಟೂರು ತೇರಿಗೆ ಬಾಳೆಹಣ್ಣು ಎಸೆಸುತ್ತಾರೆ. ಮತ್ತೊಬ್ಬರು ಪಪಾಯಿ ಬಿಡಿಸಿ, ಎಳ್ಳು ಬಿಡಿಸಿ, ಕಡೆಗೆ ರಾತ್ರಿ ಊಟವನ್ನೇ ಬಿಡಿಸುತ್ತಾರೆ. ಈ ಎಲ್ಲ ಚಿಕಿತ್ಸೆಗಳಿಗೂ ರೋಗಿ ಒಬ್ಬಳೇ. ಅವಳ ಗಂಡ ಅಲ್ಲೇ ಕಟ್ಟೆಯ ತುದಿಯಲ್ಲಿ ಮೊಬೈಲು ಒತ್ತುತ್ತ ಕುಳಿತಿರುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ.

ಹರಕೆಯ ಸೀಸನ್ನು ಮುಗಿದ ಮೇಲೆ ದಾವಣಗೆರೆಯಲ್ಲೋ ಹೊಸಪೇಟೆಯಲ್ಲೋ ಒಂದು ಸ್ಕ್ಯಾನಿಂಗ್ ಆಗುತ್ತದೆ. ರಿಪೋರ್ಟಿನಲ್ಲಿ ಪಿಸಿಓಎಸ್ ಎಂದಿರುವುದು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಪಿಸಿಓಡಿ ಆಗಿ, ಊರ ಕಟ್ಟೆ ಮುಟ್ಟುವಷ್ಟರಲ್ಲಿ "ಗರ್ಭಕೋಶದಾಗ ನೀರಗುಳ್ಳೆ ಅದಾವಂತೆ" ಎಂದು ತೀರ್ಪಾಗಿರುತ್ತದೆ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು 7 ಹೆಂಗಸರನ್ನು ಪರೀಕ್ಷಿಸಿ ಈ ತೊಂದರೆಯ ಬಗ್ಗೆ ಬರೆದರು. ಆ ಗುಳ್ಳೆಗಳು ಗರ್ಭಕೋಶದಲ್ಲಿ ಇರುವುದೂ ಇಲ್ಲ, ಒಡೆದು ಹಾಕಬೇಕಾದ ಗಡ್ಡೆಗಳೂ ಅಲ್ಲ. ಅಂಡಾಶಯದಲ್ಲಿ ಅರ್ಧ ಬೆಳೆದು ನಿಂತುಹೋದ ಅಂಡಕೋಶಗಳು ಅವು. ಈ ತೊಂದರೆಯಿರುವ ಬಹಳ ಹೆಂಗಸರಲ್ಲಿ ದೇಹ ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ. ಅದಕ್ಕೆ ಇನ್ಸುಲಿನ್ ಇನ್ನಷ್ಟು ಏರುತ್ತದೆ, ಅಂಡಾಶಯ ಗಂಡು ಹಾರ್ಮೋನನ್ನು ಅಳತೆ ಮೀರಿ ಹೊರಡಿಸುತ್ತದೆ, ಅಂಡ ಬಲಿತು ಹೊರಬೀಳುವ ಕೆಲಸ ನಡುವೆಯೇ ನಿಲ್ಲುತ್ತದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಮಗು ಆಗುವುದೇ ಇಲ್ಲ ಎಂದು ಇದರ ಅರ್ಥವಲ್ಲ, ತಡವಾಗಬಹುದು ಎಂದಷ್ಟೇ. ಅವಳ ಅಂಡಾಶಯದಲ್ಲಿ ಗಂಡು ಹಾರ್ಮೋನು ಎಷ್ಟು ಹೆಚ್ಚಾಗಿದೆ ಎಂದು ರಕ್ತಪರೀಕ್ಷೆ ಹೇಳುತ್ತದೆ. ಅವಳ ಮನೆಯಲ್ಲಿ ಎಷ್ಟು ಹೆಚ್ಚಾಗಿದೆ ಎಂದು ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ.

ಅಲ್ಲಿಂದ ಮುಂದೆ ಚಿಕಿತ್ಸೆಯ ಹೊಣೆ ಮೊಬೈಲಿನದು. ರಾತ್ರಿ ಪಾತ್ರೆ ತೊಳೆದು ಮಲಗಿದವಳು ಒಮ್ಮೆ 'ಪಿಸಿಓಡಿ' ಎಂದು ಹುಡುಕಿದರೆ ಸಾಕು, ಮುಂಜಾನೆಯ ಹೊತ್ತಿಗೆ ಬೆಂಗಳೂರಿನಿಂದ ಬಾಲಿವರೆಗಿನ ಎಲ್ಲ ಗುರುಗಳು ಅವಳ ಬಾಗಿಲಲ್ಲಿ ನಿಂತಿರುತ್ತಾರೆ. ಒಬ್ಬರ ಕೈಯಲ್ಲಿ ಅಕ್ಯುಪಂಕ್ಚರಿನ ಸೂಜಿ, ಇನ್ನೊಬ್ಬರ ಕೈಯಲ್ಲಿ ಪುಡಿಯ ಡಬ್ಬಿ. ಸೂಜಿಯವರು ಪ್ರಾಣಶಕ್ತಿಯ ಹಾದಿ ಕಟ್ಟಿಕೊಂಡಿದೆ, ಬಿಡಿಸುತ್ತೇವೆ ಎನ್ನುತ್ತಾರೆ. ಡಬ್ಬಿಯವರು ಎಲ್ಲದರ ಮೂಲ ಕರುಳು ಎನ್ನುತ್ತಾರೆ. ಕರುಳನ್ನು ಎರಡನೇ ಮೆದುಳು ಎಂದದ್ದು ಹಳೆಯ ಮಾತಾಯಿತು, ಈಗ ಅದಕ್ಕೆ ಎರಡನೇ ಗರ್ಭಕೋಶದ ಬಡ್ತಿಯೂ ಸಿಕ್ಕಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಉಪವಾಸವಿದ್ದು, ಬಿಲ್ಲೇರಿ, ವರ್ಷಕ್ಕೊಂದೇ ವಾಕ್ಯ ಕಾರ್ಣಿಕ ನುಡಿಯುತ್ತಾನೆ. ಆ ಒಂದು ವಾಕ್ಯಕ್ಕೆ ಊರೆಲ್ಲ ವರ್ಷಪೂರ್ತಿ ಅರ್ಥ ಹಚ್ಚುತ್ತದೆ. ರೀಲ್ಸಿನ ಗೊರವರಿಗೆ ಉಪವಾಸವೂ ಇಲ್ಲ, ಬಿಲ್ಲೂ ಇಲ್ಲ. ದಿನಕ್ಕೆ ನಾಲ್ಕು ಕಾರ್ಣಿಕ, ಕೆಳಗೆ ಹಣ ಕಟ್ಟುವ ಲಿಂಕು.

ಸೂಜಿಯನ್ನು ಸುಮ್ಮನೆ ಹಳಿಯುವುದು ಸರಿಯಲ್ಲ. ಅದಕ್ಕೂ ನಮಗೂ ಹಳೆಯ ನಂಟಿದೆ. 1938ರಲ್ಲಿ ಚೀನಾದ ಯುದ್ಧಗಾಯಾಳುಗಳ ಸೇವೆಗೆಂದು ಹೋದ ಐವರು ಭಾರತೀಯ ವೈದ್ಯರಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆ ಹೋಗಿದ್ದ ಕಲ್ಕತ್ತೆಯ ಬಿ.ಕೆ. ಬಸು ಮುಂದೆ ಸೂಜಿವಿದ್ಯೆ ಕಲಿತು ಈ ದೇಶಕ್ಕೆ ತಂದರು. 2019ರಲ್ಲಿ ಕೇಂದ್ರ ಸರ್ಕಾರವೂ ಅಕ್ಯುಪಂಕ್ಚರಿಗೆ ಸ್ವತಂತ್ರ ಪದ್ಧತಿಯ ಮಾನ್ಯತೆ ಕೊಟ್ಟಿತು. ಆದ್ದರಿಂದ ಸೂಜಿಗೆ ಗೌರವ ಇರಲಿ. ನಮ್ಮ ಹುಡುಗಿಗೆ ಬೇಕಾಗಿರುವುದು ಮಾತ್ರ ಗೌರವವಲ್ಲ, ಮಗು.

ಸೂಜಿಯಿಂದ ಮಗು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಸೂಜಿಯ ತವರುಮನೆಯೇ ಕೇಳಿಕೊಂಡಿದೆ. ಚೀನಾದ 27 ಆಸ್ಪತ್ರೆಗಳಲ್ಲಿ ಪಿಸಿಓಎಸ್ ಇದ್ದ, ಮಗು ಬೇಕೆಂದಿದ್ದ 1,000 ಹೆಂಗಸರ ಮೇಲೆ ಪ್ರಯೋಗ ನಡೆದು, 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಹೆಂಗಸರಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನರ್ಧಕ್ಕೆ ಬಿಂದುವೇ ಅಲ್ಲದ ಜಾಗದಲ್ಲಿ ಮೇಲ್ಮೇಲೆ ಚುಚ್ಚಿದ ನಾಟಕದ ಸೂಜಿ. ವಾರಕ್ಕೆರಡು ಸಲ, 16 ವಾರದವರೆಗೆ. ಜೊತೆಗೆ ಕೆಲವರಿಗೆ ಅಂಡ ಬಲಿಸುವ ಕ್ಲೋಮಿಫೀನ್ ಎಂಬ ಹಳೆಯ ಮಾತ್ರೆ, ಕೆಲವರಿಗೆ ಬರೀ ಸಕ್ಕರೆ ಗುಳಿಗೆಯಂಥ ಹುಸಿ ಮಾತ್ರೆ. ಮಾತ್ರೆ ನುಂಗಿದವರಲ್ಲಿ ಅಸಲಿ ಸೂಜಿಯವರಿಗೆ ನೂರಕ್ಕೆ 29.4, ನಾಟಕದ ಸೂಜಿಯವರಿಗೆ 28.0 ಹೆರಿಗೆ. ಹುಸಿ ಮಾತ್ರೆಯವರಲ್ಲಿ ಅಸಲಿ ಸೂಜಿಗೆ 13.9, ನಾಟಕದ ಸೂಜಿಗೆ 16.8. ಕೊನೆಯ ಎರಡು ಅಂಕಿಯನ್ನು ಇನ್ನೊಮ್ಮೆ ಓದಿ. ಸರಿಯಾದ ಜಾಗಕ್ಕೆ ಚುಚ್ಚಿಸಿಕೊಂಡವರಿಗಿಂತ ತಪ್ಪು ಜಾಗಕ್ಕೆ ಚುಚ್ಚಿಸಿಕೊಂಡವರೇ ಒಂದು ಕೂದಲು ಮುಂದೆ! ಈ ಅಂತರ ಲೆಕ್ಕಕ್ಕೆ ಬರುವಂಥದ್ದಲ್ಲ ಎನ್ನುತ್ತದೆ ಸಂಖ್ಯಾಶಾಸ್ತ್ರ. ಹೌದು, ಅದೇ ಸುದ್ದಿ: ಲೆಕ್ಕಕ್ಕೆ ಬಂದದ್ದು ಮಾತ್ರೆಯೊಂದೇ.

ಪಾಪ, ಸೂಜಿ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಅಸಲಿ ಸೂಜಿಯ 500 ಮಂದಿಯಲ್ಲಿ 37 ಜನರಿಗೆ ಮೈ ಕಂದುಗಟ್ಟಿತು, 25 ಜನರಿಗೆ ಭೇದಿಯಾಯಿತು. ನಾಟಕದ ಸೂಜಿಯವರಲ್ಲಿ ಭೇದಿಯಾದದ್ದು 8 ಜನರಿಗೆ. ಸೂಜಿಗೂ ಕರುಳಿಗೂ ಸಂಬಂಧವಿದೆ ಎಂದು ಡಬ್ಬಿಯವರೂ ಸೂಜಿಯವರೂ ಕೂಡಿ ಹೇಳುವ ಮಾತಿಗೆ ಸಿಕ್ಕಿರುವ ಗಟ್ಟಿ ಪುರಾವೆ ಇದೇ ಇರಬೇಕು.

ಇನ್ನು ಡಬ್ಬಿಗೆ ಬರೋಣ. ಕರುಳಿನ ಬ್ಯಾಕ್ಟೀರಿಯಾಕ್ಕೂ ಪಿಸಿಓಎಸ್‌ಗೂ ನಂಟಿರಬಹುದು ಎಂಬುದು ಹುಸಿಯಲ್ಲ. 2019ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಚೀನೀ ಸಂಶೋಧನೆ ಒಂದು ಜಾತಿಯ ಬ್ಯಾಕ್ಟೀರಿಯಾ ಈ ಹೆಂಗಸರ ಕರುಳಲ್ಲಿ ಹೆಚ್ಚಿರುವುದನ್ನು ಕಂಡಿತು. ಅವರ ಕರುಳಿನ ಸೂಕ್ಷ್ಮಜೀವಿಗಳನ್ನು ಇಲಿಗೆ ದಾಟಿಸಿದಾಗ ಇಲಿಯ ಅಂಡಾಶಯವೂ ಹದಗೆಟ್ಟಿತು. ಗಂಭೀರ ವಿಜ್ಞಾನ, ಇನ್ನೂ ನಡೆಯುತ್ತಿರುವ ವಿಜ್ಞಾನ. ಆದರೆ ಇಲಿಯಿಂದ ಹೆಂಗಸಿನ ತನಕ ಇರುವ ದೂರವನ್ನು ವಿಜ್ಞಾನಿಗಳು ನಡೆದುಕೊಂಡು ಹೋಗುತ್ತಿದ್ದರೆ ಡಬ್ಬಿಯ ವ್ಯಾಪಾರಿಗಳು ಕೊರಿಯರ್‌ನಲ್ಲಿ ತಲುಪಿಬಿಟ್ಟಿದ್ದಾರೆ. ಅಂದಹಾಗೆ ಆ ಇಲಿಗೆ ಅತ್ತೆ ಇರಲಿಲ್ಲ, ಎಲ್ಲರೂ ಉಂಡ ಮೇಲೆ ಉಣ್ಣುವ ಕಟ್ಟಳೆಯೂ ಇರಲಿಲ್ಲ.

ಡಬ್ಬಿಯ ಹಿಂಬದಿಯಲ್ಲಿ ಏನಿದೆ ಎಂದು ಓದಿದರೆ ನಗು ಬರುತ್ತದೆ. ನಾರು, ಸಿರಿಧಾನ್ಯದ ಹಿಟ್ಟು, ಹುಳಿ ಬರಿಸಿದ ಪದಾರ್ಥದಲ್ಲಿ ಸಿಗುವ ಒಳ್ಳೆಯ ಬ್ಯಾಕ್ಟೀರಿಯಾ. ಇವುಗಳನ್ನೆಲ್ಲ ಜೋಳದ ರೊಟ್ಟಿ, ನವಣಕ್ಕಿ ಅನ್ನ, ಸಜ್ಜೆ ರೊಟ್ಟಿ, ಅಂಬಲಿ, ಮಜ್ಜಿಗೆ, ಪುಂಡಿಪಲ್ಲೆ, ಮಡಿಕೆಕಾಳು ಎಂಬ ಹೆಸರಿನಲ್ಲಿ ಈ ಐದು ತಾಲ್ಲೂಕು ತಲೆಮಾರುಗಳಿಂದ ತಿಂದುಕೊಂಡು ಬಂದಿತ್ತು. ನವಣೆ ಬಿತ್ತುತ್ತಿದ್ದ ಹೊಲಕ್ಕೆ ಮೆಕ್ಕೆಜೋಳ ಬಂತು, ಅದು ಕೋಳಿಯ ಕರುಳಿಗೆ ಹೋಯಿತು. ತಾಟಿಗೆ ಪಾಲಿಶ್ ಮಾಡಿ ಬಿಳುಪಾಗಿಸಿದ ಸೋನಾಮಸೂರಿ ಬಂತು, ರೊಟ್ಟಿ ಬಡಿಯುವುದು ಬಡತನದ ಗುರುತಾಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಕರೆದ ಮೇಲೆ ಅದೇ ನವಣೆ ಬೆಂಗಳೂರಿಗೆ ಹೋಗಿ, ಇಂಗ್ಲಿಷ್ ಕಲಿತು, ಡಬ್ಬಿಯೊಳಗೆ ಕುಳಿತು, ಹತ್ತು ಪಟ್ಟು ಮರ್ಯಾದೆಯೊಂದಿಗೆ ಹಗರಿಬೊಮ್ಮನಹಳ್ಳಿಗೆ ಮರಳಿ ಬಂದಿದೆ.

ರೊಟ್ಟಿ ತಿಂದರೆ ಮಗು ಆಗುತ್ತದೆ ಎಂದು ಹೇಳಿದರೆ ನಾನೂ ಇನ್ನೊಬ್ಬ ಡಬ್ಬಿ ವ್ಯಾಪಾರಿಯಾದೇನು. ನಾರಿನ ಊಟ, ನಡಿಗೆ, ನಿದ್ದೆ ಇವೆಲ್ಲ ಇನ್ಸುಲಿನ್ನಿನ ಸೊಕ್ಕು ಇಳಿಸಲು ನೆರವಾಗುತ್ತವೆ. ಮೈಭಾರ ಹೆಚ್ಚಿರುವವರಲ್ಲಿ ಸ್ವಲ್ಪ ಇಳಿದರೂ ಕೆಲವೊಮ್ಮೆ ಮುಟ್ಟು ಹದಕ್ಕೆ ಬರುತ್ತದೆ. ಆದರೆ ಇದಕ್ಕೆ ಮನೆಯವರು ಮಾಡಬೇಕಾದ ಕೆಲಸವೊಂದಿದೆ. ಸೊಸೆ ಮಧ್ಯಾಹ್ನ ಮೂರಕ್ಕೆ ತಳದಲ್ಲಿ ಉಳಿದ ಅನ್ನ, ನೀರು ಸಾರು ಉಣ್ಣುವ ಬದಲು ಎಲ್ಲರ ಜೊತೆ ಕುಳಿತು ಕಾಳು ಪಲ್ಯ ಉಣ್ಣಬೇಕು. ಹಡಗಲಿಯಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಮಲ್ಲಿಗೆ ಮೊಗ್ಗು ಬಿಡಿಸುವವಳು ಇನ್ನೊಂದು ತಾಸು ಹೆಚ್ಚು ಮಲಗಬೇಕು. ಸಂಜೆ ಅರ್ಧ ತಾಸು ಅವಳು ಒಬ್ಬಳೇ ಬಿರುಸಾಗಿ ನಡೆದು ಬಂದರೆ "ಎಲ್ಲಿಗೆ ಹೋಗಿದ್ದಿ?" ಎಂದು ಯಾರೂ ಕೇಳಬಾರದು. ಇಷ್ಟೆಲ್ಲ ಬದಲಾವಣೆಗಿಂತ ಡಬ್ಬಿ ಸಸ್ತಾ. ಡಬ್ಬಿ ಬಂದರೆ ಅಡುಗೆಮನೆಯ ಸಂವಿಧಾನಕ್ಕೆ ತಿದ್ದುಪಡಿ ಬೇಕಾಗುವುದಿಲ್ಲ. ಸೂಜಿಯ ಮತ್ತು ಡಬ್ಬಿಯ ದೊಡ್ಡ ಗುಣ ಇದೇ: ಅವು ಅವಳನ್ನು ಬಿಟ್ಟು ಮನೆಯಲ್ಲಿ ಇನ್ನಾರನ್ನೂ ಏನನ್ನೂ ಕೇಳುವುದಿಲ್ಲ.

ಹಾಗಾದರೆ ಕೆಲಸ ಮಾಡುವ ಔಷಧ ಇಲ್ಲವೇ? ಇದೆ. ಲೆಟ್ರೋಜೋಲ್ ಎಂಬ ಪುಟ್ಟ ಮಾತ್ರೆ. ಹುಟ್ಟಿದ್ದು ಸ್ತನ ಕ್ಯಾನ್ಸರಿಗಾಗಿ. ಮುಟ್ಟಿನ ಆರಂಭದಲ್ಲಿ ಐದು ದಿನ ನುಂಗಿದರೆ ಅಂಡ ಬಲಿಯಲು ನೆರವಾಗುತ್ತದೆ. 2014ರಲ್ಲಿ ಅಮೆರಿಕದಲ್ಲಿ 750 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ನೂರಕ್ಕೆ 27.5, ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ 19.1 ಹೆರಿಗೆಯಾದವು. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಅಂಡ ಬಿಡುಗಡೆಯಾಗದ ಪಿಸಿಓಎಸ್ ಹೆಂಗಸರಿಗೆ ಮೊದಲ ಮದ್ದಾಗಿ ಇದನ್ನೇ ಹೇಳುತ್ತದೆ. ನಮ್ಮ ಸರ್ಕಾರ ಇದನ್ನು ಹೇಗೆ ನೋಡಿಕೊಂಡಿತು? 2011ರಲ್ಲಿ ಬಂಜೆತನಕ್ಕೆ ಇದನ್ನು ಬಳಸಕೂಡದೆಂದು ನಿಷೇಧ ಹಾಕಿತು, 2017ರಲ್ಲಿ ಆ ನಿಷೇಧ ತೆಗೆಯಿತು. ಜಗತ್ತು ಈ ಮಾತ್ರೆ ಮೇಲು ಎಂದು ಸಾಬೀತು ಮಾಡುತ್ತಿದ್ದ ವರ್ಷಗಳಲ್ಲಿ ನಾವು ಅದನ್ನು ಕದ್ದು ನುಂಗಬೇಕಾದ ವಸ್ತುವಾಗಿಸಿದ್ದೆವು. ಸೂಜಿಗೆ ಮಾನ್ಯತೆ, ಮಾತ್ರೆಗೆ ನಿಷೇಧ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯಸಾಹಿತಿ ಬೀಚಿ ಇದ್ದಿದ್ದರೆ ಅವರ ತಿಂಮನಿಗೆ ಒಂದು ವಾರದ ಕೆಲಸ ಸಿಗುತ್ತಿತ್ತು.

ಲೆಟ್ರೋಜೋಲಿನ ದುರದೃಷ್ಟ ಏನೆಂದರೆ ಅದು ಅಗ್ಗ. ಜೆನೆರಿಕ್ ಅಂಗಡಿಯಲ್ಲಿ ಸಿಗುತ್ತದೆ, ಪುರಾತನವಲ್ಲ, ಹಿಮಾಲಯದಿಂದ ಬಂದಿಲ್ಲ, ಅದರ ಮೇಲೆ ರೀಲ್ಸ್ ಮಾಡಿದರೆ ಯಾರಿಗೂ ಕಮಿಷನ್ ಇಲ್ಲ. ವೈದ್ಯರ ಚೀಟಿ ಬೇಕು, ಅಂಡ ಬಲಿಯಿತೇ ಎಂದು ಸ್ಕ್ಯಾನಿಂಗಿನಲ್ಲಿ ನೋಡಬೇಕು. ಇದಕ್ಕಿಂತ ದೊಡ್ಡ ಇನ್ನೊಂದು ತೊಡಕೂ ಇದೆ. ಮಾತ್ರೆ ಬರೆಯುವ ಮೊದಲು ತಿಳಿದ ವೈದ್ಯರು ಕನ್ನಡಕ ತೆಗೆದು ಒಂದು ಮಾತು ಕೇಳುತ್ತಾರೆ: "ಯಜಮಾನರ ಟೆಸ್ಟ್ ಆಗಿದೆಯೇ?"

ಆ ಒಂದು ಪ್ರಶ್ನೆಗೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಷ್ಟು ಕೇಸ್ ಪೇಪರ್ ಅರ್ಧಕ್ಕೆ ನಿಂತಿವೆಯೋ ಹಡಗಲಿಯ ಮಲ್ಲಿಗೆ ಮುಡಿದವರಿಗಷ್ಟೇ ಗೊತ್ತು. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಸಿನ ಪಾಲೂ ಇರುತ್ತದೆ ಎನ್ನುವುದು ವೈದ್ಯಶಾಸ್ತ್ರದ ಅರಿವು. ಪಿಸಿಓಎಸ್ ಇರುವವಳ ಗಂಡನಿಗೆ ಇದರಿಂದ ವಿನಾಯಿತಿ ಏನಿಲ್ಲ. ಚೀನಾದ ಆ ಸೂಜಿ ಪ್ರಯೋಗದಲ್ಲೂ ಹೆಂಗಸಿನ ಮೈಗೆ ಮೊದಲ ಸೂಜಿ ಚುಚ್ಚುವ ಮುಂಚೆ ಗಂಡನ ವೀರ್ಯ ಪರೀಕ್ಷೆ ಆಗಲೇಬೇಕಿತ್ತು. ಪಾಸಾಗದ ಗಂಡಿನ ಹೆಂಡತಿಗೆ ಪ್ರಯೋಗದಲ್ಲಿ ಜಾಗವಿರಲಿಲ್ಲ. ನಾವು ಚೀನಾದಿಂದ ಸೂಜಿ ತರಿಸಿಕೊಂಡೆವು, ಆ ಒಂದು ನಿಯಮವನ್ನು ಮಾತ್ರ ಬಂದರಿನಲ್ಲೇ ಬಿಟ್ಟುಬಂದೆವು.

ಆ ಪರೀಕ್ಷೆಯಾದರೂ ಏನು ಘನಕಾರ್ಯ? ಎರಡರಿಂದ ಏಳು ದಿನದ ಸಂಯಮ, ಒಂದು ಪ್ಲಾಸ್ಟಿಕ್ ಡಬ್ಬಿ, ಬಾಗಿಲು ಹಾಕಿದ ಒಂದು ಕೋಣೆ. ಸೂಜಿ ಇಲ್ಲ, ಕತ್ತರಿ ಇಲ್ಲ, ಸ್ಕ್ಯಾನಿಂಗಿಗೆಂದು ಹೊಟ್ಟೆ ಬಿಗಿಯುವಷ್ಟು ನೀರು ಕುಡಿಯಬೇಕಾಗಿಲ್ಲ. ಅಷ್ಟಕ್ಕೇ ಮೀಸೆಗೆ ಜ್ವರ ಬರುತ್ತದೆ. "ನಮ್ಮ ವಂಶದಾಗ ಅಂಥದ್ದೇನೂ ಇಲ್ರೀ" ಎಂದು ಅತ್ತೆ ಲ್ಯಾಬ್ ರಿಪೋರ್ಟ್ ಇಲ್ಲದೆಯೇ ಸಹಿ ಹಾಕಿಬಿಡುತ್ತಾಳೆ. ಹೆಂಡತಿಯ ಹೆಸರಿನಲ್ಲಿ ಬಂದ ಪಿಸಿಓಡಿ ರಿಪೋರ್ಟು ಗಂಡನಿಗೆ ಸಿಕ್ಕ ಜಾಮೀನು ಪತ್ರ. ಅದನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡರೆ ಜೀವಮಾನವಿಡೀ ಅವನು ಆ ಕೋಣೆಯ ಕಡೆ ಸುಳಿಯಬೇಕಾಗಿಲ್ಲ. ಇನ್ನು ಅವನ ಚಟ: 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದ ಮರುದಿನದಿಂದ ಪಾನ್ ಮಸಾಲೆ ಒಂದು ಪಾಕೀಟಿನಲ್ಲಿ, ತಂಬಾಕು ಇನ್ನೊಂದು ಪಾಕೀಟಿನಲ್ಲಿ ಬಂದು ಅವನ ಬಾಯಲ್ಲಿ ಮದುವೆಯಾಗುತ್ತಿವೆ. ತಂಬಾಕು ವೀರ್ಯವನ್ನು ಕೆಡಿಸುತ್ತದೆ, ಬಿಟ್ಟರೆ ಎರಡೂವರೆ ತಿಂಗಳ ಆಸುಪಾಸಿನಲ್ಲಿ ಹೊಸ ವೀರ್ಯಾಣುಗಳು ಬಲಿಯುತ್ತವೆ ಎಂದು ಯಾರಾದರೂ ಹೇಳಿದರೆ ಅವನು ಉಗುಳಲು ಹೊರಗೆ ಎದ್ದು ಹೋಗುತ್ತಾನೆ.

ಅವನು ಆಸ್ಪತ್ರೆಗೆ ಬಾರದಿರುವುದಕ್ಕೆ ಆರ್ಥಿಕ ಕಾರಣವೂ ಇದೆ ಎನ್ನಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಪುಕ್ಕಟೆ. ವಾರಕ್ಕೆರಡು ಸಲ ಸೂಜಿಗೆ ದಾವಣಗೆರೆಗೆ ಹೋಗಿಬಂದರೂ ಸರ್ಕಾರವೇ ಟಿಕೆಟ್ ಹರಿಯುತ್ತದೆ. ಅವನಿಗಾದರೆ ದುಡ್ಡು. ಮಗುವಿನ ಖರ್ಚಿನಲ್ಲಿ ಗಂಡಸಿನ ಪಾಲು ಉಳಿತಾಯ ಮಾಡಲು ಇದಕ್ಕಿಂತ ಒಳ್ಳೆಯ ಯೋಜನೆ ಬೇಕೇ?

ಇನ್ನು ಗುಳೆ ಹೋದವರ ಕಥೆ. ಹರಪನಹಳ್ಳಿ, ಕೂಡ್ಲಿಗಿಯ ಹಳ್ಳಿ ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯಲು, ಬೆಂಗಳೂರಿನ ಸೆಂಟ್ರಿಂಗ್ ಕೆಲಸಕ್ಕೆ ಹೋದ ಗಂಡ ಯುಗಾದಿಗೊಮ್ಮೆ, ತೇರಿಗೊಮ್ಮೆ ಊರಿಗೆ ಬರುತ್ತಾನೆ. ತಿಂಗಳಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಅಂಡ ಬಿಡುಗಡೆಯಾಗುವ ದಿನ ಸೇರಿ ಸುಮಾರು ಆರು. ಪಿಸಿಓಎಸ್ ಇರುವವಳಲ್ಲಿ ಆ ದಿನ ಯಾವುದೆಂದು ಅಂಡಾಶಯಕ್ಕೇ ಗೊತ್ತಿರುವುದಿಲ್ಲ. ಮನೆಯವರ ನಿರೀಕ್ಷೆ ಏನೆಂದರೆ ಅಂಡ ಪಂಚಾಂಗ ನೋಡಿಕೊಂಡು, ಗುತ್ತಿಗೆದಾರ ರಜೆ ಕೊಟ್ಟ ಎರಡು ರಾತ್ರಿಗೆ ಸರಿಯಾಗಿ ತೇರಿನ ಜೊತೆಯಲ್ಲೇ ಹೊರಡಬೇಕು. ಹೊರಡದಿದ್ದರೆ ತಪ್ಪು ಯಾರದು? ನೀರಗುಳ್ಳೆಯದು.

ಇಷ್ಟು ಜತನದಿಂದ ಹರಕೆ, ಸೂಜಿ, ಡಬ್ಬಿ ಅರ್ಪಿಸಿದ ಗರ್ಭಕೋಶಕ್ಕೆ ಮುಂದೆ ಏನು ಗೌರವ ಸಿಗುತ್ತದೆ ಎಂಬುದನ್ನೂ ನೋಡಬೇಕು. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಖಾಸಗಿ ಆಸ್ಪತ್ರೆಗಳಲ್ಲಿ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದ ಪ್ರಕರಣ ತನಿಖೆಯಾಗಿ ಬಯಲಾಯಿತು. ಅವರಲ್ಲಿ ಅನೇಕರು ನಲವತ್ತು ದಾಟದವರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ "ಕ್ಯಾನ್ಸರ್ ಆಗತೈತಿ, ತೆಗೆಸಿಬಿಡು" ಎಂಬ ಸಲಹೆ. ಮಗು ಬೇಕಾದಾಗ ಎಲ್ಲರಿಗೂ ಬೇಕಾದ ಅಂಗ, ಮಕ್ಕಳಾದ ಮೇಲೆ ಯಾರಿಗೂ ಬೇಡದ ಅಂಗ. ಎರಡೂ ಸಲ ನಿರ್ಧಾರ ಮಾಡಿದವರು ಬೇರೆಯವರು, ಎರಡೂ ಸಲ ಮಂಚದ ಮೇಲೆ ಮಲಗಿದವಳು ಅವಳೇ.

ಇವೆಲ್ಲ ಮುಗಿದು ಮೂರ್ನಾಲ್ಕು ವರ್ಷವಾದರೂ ತೊಟ್ಟಿಲು ತೂಗದಿದ್ದರೆ ಸೂಜಿ, ಡಬ್ಬಿ, ಹರಕೆ ಮೂರನ್ನೂ ಮೀರಿಸಿದ ಕೊನೆಯ ಚಿಕಿತ್ಸೆ ಹೊರಬೀಳುತ್ತದೆ. "ಇನ್ನೊಂದು ಮಾಡಿಕೊಂಡರಾಯ್ತು ಬಿಡು." 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅದು ಮದುವೆಯೇ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು. ಪಂಚಾಯ್ತಿ ಕಟ್ಟೆಗೆ ಈ ಕಾನೂನು ಇನ್ನೂ ತಲುಪಿಲ್ಲ, ಆದರೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಾಡಿಗೆ ಕಾರು ಮಾತ್ರ ತಲುಪಿರುತ್ತದೆ. ಹೊಸ ಅಂಗಿ ತೊಟ್ಟು, ಮೀಸೆಗೆ ಬಣ್ಣ ಹಚ್ಚಿ, ಮೂರು ತಾಲ್ಲೂಕು ದಾಟಿ ಇನ್ನೊಬ್ಬಳನ್ನು ನೋಡಲು ಹೊರಡುವ ಈ ಶೂರನಿಗೆ ಲ್ಯಾಬಿನ ಆ ಕೋಣೆಯವರೆಗಿನ ಹತ್ತು ಹೆಜ್ಜೆ ಮಾತ್ರ ಬಲು ದೂರ.

ಆ ಎರಡನೆಯವಳ ಅಪ್ಪ ಅಮ್ಮನಿಗೆ ಒಂದೇ ಕಿವಿಮಾತು. ಹೆಣ್ಣು ತೋರಿಸುವ ಮೊದಲು ಗಂಡಿನ ಟೆಸ್ಟ್ ರಿಪೋರ್ಟ್ ಕೇಳಿ. ಬಂದವರು ಕಾರು ತಿರುಗಿಸಿಕೊಂಡು ಹೋದರೆ ನಿಮ್ಮ ಮಗಳಿಗೆ ಬೀಳಬೇಕಿದ್ದ 32 ಸಲದ ಸೂಜಿ ಉಳಿಯಿತು.